ಸೀಮೆಸುಣ್ಣದ ಗೆರೆ ಅಳಿಸಿದ ಹೊಟ್ಟೆ

ಇಪ್ಪತ್ತೆರಡು ವರ್ಷದಲ್ಲಿ ಆ ದರ್ಜಿ ಅಂಗಡಿಯ ಕಟಿಂಗ್ ಮಾಸ್ಟರರ ಕೈ ಒಮ್ಮೆಯೂ ತಪ್ಪಿದ್ದಿಲ್ಲ. ತಪ್ಪಿದ್ದು ಹೊಟ್ಟೆ.

ದೊಡ್ಡ ಮೇಜಿನ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯುವುದು ಅವರ ಪದ್ಧತಿ. ಒಳಗಿನ ಗೆರೆ ಹೊಲಿಯಲಿಕ್ಕೆ, ಹೊರಗಿನದು ಕತ್ತರಿಸಲಿಕ್ಕೆ. ಆ ದಿನ ಮೇಜಿನ ಆಚೆ ತುದಿಯಲ್ಲಿ ತೋಳಿನ ಗೆರೆ ಎಳೆಯಲು ಮುಂದಕ್ಕೆ ಬಾಗಿದರು ನೋಡಿ, ಈಚೆಯ ಹೊರಗೆರೆಯನ್ನು ಹೊಟ್ಟೆ ಸದ್ದಿಲ್ಲದೆ ಒರೆಸಿ ಹಾಕಿತು. ಉಳಿದಿದ್ದ ಒಳಗೆರೆಯ ಮೇಲೆಯೇ ಮಾಸ್ಟರು ಸಲೀಸಾಗಿ ಕತ್ತರಿ ಓಡಿಸಿದರು. ಹೊಲಿದಾದ ಮೇಲೆ ಗಿರಾಕಿ ಕೋಟು ತೊಟ್ಟು ನೋಡಲು ಬಂದ. ಭುಜ ಸರಿ, ತೋಳು ಸರಿ, ಸೊಂಟದಲ್ಲಿ ಮಾತ್ರ ಎರಡು ಅಂಚು ಕೂಡಲೇ ಇಲ್ಲ. ಎಲ್ಲರೂ ಮಾಸ್ಟರರ ಕಡೆ ನೋಡಿದರು. ಅವರ ಅಂಗಿಯ ಮೇಲೆ ಅಡ್ಡಕ್ಕೆ ಬಿಳಿ ಪಟ್ಟೆ ದಿನವೂ ಇರುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಯಾರೂ ಕೇಳಿರಲಿಲ್ಲ, ಅಷ್ಟೇ.

ಅಂಗಡಿಯ ಯಜಮಾನರು ಗಿರಾಕಿಗೆ ಬೇರೆ ಕೋಟು ತಾವೇ ಕತ್ತರಿಸಿಕೊಟ್ಟರು. ಆಮೇಲೆ ಮಾಸ್ಟರರ ಕತ್ತರಿಯನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ಜಡಿದರು.

"ಮಾಸ್ಟ್ರೇ, ಈ ಕೋಟಿಗೆ ಹೊಂದೋ ಒಂದು ಮೈ ಹುಡ್ಕಿ, ಆಮೇಲೆ ಕತ್ತರಿ ಕೇಳಿ. ನಾಲ್ಕು ತಿಂಗಳು ಹೇಗೋ ನಾನೇ ನೋಡ್ಕೋತೀನಿ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ಮಾಸ್ಟರ್‌ನ ಕರೆಸ್ತೀನಿ."

ಸಿಟ್ಟಿನಲ್ಲಿ ಆಡಿದ ಮಾತು. ಮಾಸ್ಟರು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೋಟನ್ನು ತಾವೇ ತೊಟ್ಟರು. ಭುಜ ಸರಿ, ತೋಳು ಸರಿ. ಸೊಂಟದಲ್ಲಿ ಮೂರಿಂಚು ಸಾಲದು.

"ಮೈ ಸಿಕ್ತು ಯಜಮಾನ್ರೇ. ಇಲ್ಲೇ ಇದೆ. ಸ್ವಲ್ಪ ಹೆಚ್ಚಾಗಿದೆ, ಅಷ್ಟೇ."

ಅಂಗಡಿಗೆ ಅಂಗಡಿಯೇ ನಕ್ಕಿತು. ನಗದೆ ಇದ್ದವಳು ಮೂಲೆಯಲ್ಲಿ ಕೂತು ಗುಂಡಿಯ ಕಾಜಾ ಹಾಕುವ ಅಕ್ಕ ಒಬ್ಬಳೇ. ಕೋಟನ್ನು ಕಸಿದುಕೊಂಡು ಅವತ್ತೇ ಕಾಜಾ ಕತ್ತರಿಸಿದಳು, ಗುಂಡಿ ಹೊಲಿದಳು.

"ಹೊಟ್ಟೆ ಇರ್ಬೇಕಾದ ಜಾಗಕ್ಕೆ ಹಾಕಿದ್ದೀನಿ ಮಾಸ್ಟ್ರೇ. ಗುಂಡಿ ಒಂದೆಳೆ ಜರುಗಿಸಿದ್ರೂ ನಂಗೆ ಗೊತ್ತಾಗುತ್ತೆ."

ಮೊದಲ ದಿನದ ಹುರುಪು ಕೇಳಬೇಡಿ. ನೆಲದ ಮೇಲೆ ಮಲಗಿ ನೂರು ಸಲ ಎದ್ದು ಕೂತರು. ಮರುದಿನ ಸೀನು ಬಂದರೂ ಹೊಟ್ಟೆ ಹಿಡಿದುಕೊಂಡು "ಅಯ್ಯೋ" ಎನ್ನುವ ಸ್ಥಿತಿ. ಹೆಂಡತಿ ಗದರಿದಳು.

"ರೀ, ಹೊಟ್ಟೆನ ಗುದ್ದಾಡಿ ಓಡ್ಸೋಕಾಗುತ್ತಾ? ಇಪ್ಪತ್ತು ವರ್ಷ ನಿಂತಲ್ಲೇ ನಿಂತ್ಕೊಂಡು ಬೆಳೆಸಿದ್ದೀರಿ. ಮೊದ್ಲು ನಡೀರಿ. ತಟ್ಟೆ ನಂಗೆ ಬಿಡಿ."

ಬಿಟ್ಟರು. ಅವಳು ತಟ್ಟೆ ಬದಲಿಸಿ ಚಿಕ್ಕದನ್ನು ತಂದಳು. ಅರ್ಧದಷ್ಟು ತರಕಾರಿ, ಪಕ್ಕದಲ್ಲಿ ಬೇಳೆಯೋ ಮೊಟ್ಟೆಯೋ, ಮಿಕ್ಕ ಜಾಗಕ್ಕೆ ಅನ್ನ. ಎರಡನೇ ಸಲ ಬಡಿಸುವುದು ಬಂದ್. ಅಂಗಡಿಯಲ್ಲಿ ದಿನಕ್ಕೆ ಆರು ಟೀ, ಪ್ರತಿ ಟೀಗೂ ಎರಡು ಬಿಸ್ಕತ್ತು ಇಳಿಯುತ್ತಿತ್ತು. ಅದೀಗ ಸಕ್ಕರೆ ಇಲ್ಲದ ಎರಡು ಟೀಗೆ ಬಂತು. ಬಸ್ಸು ಬಿಟ್ಟು ನಡೆದೇ ಬಂದರು, ನಡೆದೇ ಹೋದರು. ಪ್ಯಾಂಟಿನ ಕಾಲು ಮಡಚಿ ಹೊಲಿಯುವ ಚಿಲ್ಲರೆ ಕೆಲಸಕ್ಕೆ ಯಜಮಾನರು ಅವರನ್ನು ಮಹಡಿಗೆ ಹಾಕಿದ್ದರು. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು, ಇವರು ದಿನಕ್ಕೆ ಹತ್ತು ಸಲ ಬೇಕೆಂದೇ ಮೆಟ್ಟಿಲು ಹತ್ತಿಳಿದರು. ಬೆಳಿಗ್ಗೆ ಗೋಡೆಗೆ ಕೈಯೂರಿ ದಂಡ, ಕುರ್ಚಿ ಹಿಡಿದು ಬಸ್ಕಿ. ಬಿಸ್ಕತ್ತಿನ ಡಬ್ಬದ ಸದ್ದು ಕೇಳಿದರೆ ಈಗಲೂ ಬಾಯಲ್ಲಿ ನೀರೂರುತ್ತಿತ್ತು, ಸುಳ್ಳೇಕೆ.

ಸೋಮವಾರ ಸೋಮವಾರ ಅಳತೆ. ಟೇಪನ್ನು ಎಲ್ಲಿ ಬಿಗಿ ಹಿಡಿದರೆ ಎಷ್ಟು ಕಮ್ಮಿ ತೋರಿಸುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಾಗಿ ಟೇಪು ಹೆಂಡತಿಯ ಕೈಯಲ್ಲಿ. ಒಂದು ತಿಂಗಳಿಗೆ ಮುಕ್ಕಾಲಿಂಚು ಹೋಯಿತು, ಎರಡಕ್ಕೆ ಒಂದೂವರೆ, ಮೂರಕ್ಕೆ ಎರಡೂವರೆ. ಅಲ್ಲಿಗೆ ನಿಂತಿತು ನೋಡಿ! ಉಳಿದ ಅರ್ಧ ಇಂಚು ಜಪ್ಪಯ್ಯ ಅಂದರೂ ಕದಲಲಿಲ್ಲ. ಗಡುವಿಗೆ ಹದಿನೈದೇ ದಿನ ಉಳಿದಾಗ ಹೊಸ ಮಾಸ್ಟರ್ ಒಬ್ಬ ಅಂಗಡಿಗೆ ಬಂದು ದೊಡ್ಡ ಮೇಜನ್ನು ತಟ್ಟಿ ನೋಡಿ ಹೋದ.

ಅವತ್ತು ಸಂಜೆ ಮಾಸ್ಟರು ಕೋಟನ್ನು ಮನೆಗೆ ತಂದರು. ಬೆನ್ನಿನ ಹೊಲಿಗೆಯೊಳಗೆ ಮಡಚಿದ ಬಟ್ಟೆ ಸ್ವಲ್ಪ ಇತ್ತು. ಗಿರಾಕಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ, ಇವರ ಅರ್ಧ ಇಂಚಿಗೆ ಧಾರಾಳ. ಸೂಜಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ತಲೆ ಎತ್ತಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಕೋಟು ದಪ್ಪ ಆದ್ರೆ ನೀವು ತೆಳ್ಳಗಾದ ಹಾಗಾ?"

ಅಷ್ಟೇ ಹೇಳಿ ಒಳಗೆ ಹೋದಳು. ಮಾಸ್ಟರರಿಗೆ ನಾಚಿಕೆಯಾಯಿತು, ಕೆಟ್ಟ ನಾಚಿಕೆ. ಬಿಚ್ಚಿದ್ದನ್ನು ಮೊದಲಿನ ಗೆರೆಯ ಮೇಲೇ ಮತ್ತೆ ಹೊಲಿದರು. ಮರುದಿನದಿಂದ ಮನೆಗೆ ಕೆರೆ ಸುತ್ತಿ ಬರುವ ಉದ್ದದ ದಾರಿ ಹಿಡಿದರು. ಆ ದಾರಿಯಲ್ಲಿ ದಿಣ್ಣೆಯೊಂದಿತ್ತು.

ನಾಲ್ಕು ತಿಂಗಳು ತುಂಬಿದ ದಿನ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ಕೋಟು ತೊಟ್ಟರು. ಉಸಿರು ಎಳೆಯಲಿಲ್ಲ, ಹೊಟ್ಟೆ ಒಳಗೆ ಹಿಡಿಯಲಿಲ್ಲ. ಗುಂಡಿ ಕಾಜಾದೊಳಗೆ ಹೋಗಿ ಕೂತಿತು. ಅಕ್ಕ ಬಂದು ಗುಂಡಿಯ ದಾರ ನೋಡಿದಳು.

"ನಂದೇ ಹೊಲಿಗೆ" ಎಂದಳು.

ಯಜಮಾನರು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಕೋಟು ಬಿಚ್ಚಿಸಿ, ಒಳಮೈ ತಿರುಗಿಸಿ, ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿ ದಾರ ಹೊಸದು.

"ಇಲ್ಲಿ ಬಿಚ್ಚಿದ್ರಾ?"

"ಬಿಚ್ಚಿದ್ದೆ" ಎಂದರು ಮಾಸ್ಟರು. "ಅರ್ಧ ಇಂಚಿಗೆ ಆಸೆ ಬಿದ್ದೆ. ಮತ್ತೆ ಹಳೇ ಗೆರೆ ಮೇಲೇ ಹೊಲಿದೆ. ಅಳೆದು ನೋಡಿ."

ಯಜಮಾನರು ಅಳೆಯಲಿಲ್ಲ. ಡ್ರಾಯರಿನ ಬೀಗ ತೆಗೆದು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಅದಕ್ಕೆ ಹೊಸದಾಗಿ ಸಾಣೆ ಹಿಡಿಸಿ, ಎಣ್ಣೆ ಹಾಕಿಸಿದ್ದರು. ಯಾವಾಗ ಹಿಡಿಸಿದಿರಿ ಎಂದು ಮಾಸ್ಟರು ಕೇಳಿದರು.

"ನೀವು ಮೈ ಇಲ್ಲೇ ಇದೆ ಅಂದ್ರಲ್ಲ, ಅವತ್ತೇ" ಎಂದು ಯಜಮಾನರು ಗಲ್ಲಾದ ಕಡೆ ತಿರುಗಿದರು.

ಮಾಸ್ಟರರಿಗೆ ಕಣ್ಣು ಮಂಜಾಯಿತು. ಒರೆಸಿಕೊಂಡು ಬಟ್ಟೆ ಹಾಸಿದರು, ಈಚೆ ಎರಡು ಗೆರೆ ಎಳೆದರು, ಆಚೆ ತುದಿಗೆ ಬಾಗಿ ತೋಳಿನ ಗೆರೆಯನ್ನೂ ಮುಗಿಸಿದರು. ನೆಟ್ಟಗೆ ನಿಂತು ಮೊದಲು ಅಂಗಿ ನೋಡಿಕೊಂಡರು, ಆಮೇಲೆ ಬಟ್ಟೆ. ಗೆರೆ ಎರಡೂ ಇದ್ದವು.