ಗುಂಡು ಕಿಟಕಿಯ ಕೆಂಪು

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವಾಗ ಒಂದು ಇಗರ್ಜಿಯ ಎದುರು ಕಾರು ನಿಲ್ಲಿಸಿದೆವು. ನನ್ನ ಕಾನ್ವೆಂಟಿನ ಗೆಳತಿ ಫೆಲ್ಸಿಯ ಮದುವೆಯಾದದ್ದು ಇಲ್ಲಿಯೇ. ಗಂಡ ತೀರಿಕೊಂಡ ಮೇಲೆ ಅವಳು ಕುವೈತಿನಿಂದ ಬಂದದ್ದು ಇದೇ ಮೊದಲು. ಮುಂಭಾಗದ ಗೋಡೆಯ ಮೇಲೆ ಬಣ್ಣದ ಗಾಜಿನ ಗುಂಡು ಕಿಟಕಿ ಹಾಗೆಯೇ ಇತ್ತು.

"ಉಂಟು ಮಾರಾಯ್ತಿ, ಉಂಟು! ಬೇಗ ಬಾ, ಬಿಸಿಲು ಇಳಿಯುವ ಮೊದಲು ಒಳಗೆ ಹೋಗುವ. ಆ ಬೆಳಕನ್ನೊಮ್ಮೆ ನೋಡಬೇಕು," ಎನ್ನುತ್ತ ಫೆಲ್ಸಿ ಕಾರಿನಿಂದ ಇಳಿದಳು.

ಮದುವೆಯ ಸಂಜೆ ಆ ಕಿಟಕಿಯ ಕೆಂಪು ಬೆಳಕು ಅವಳ ಬಿಳಿ ಸೀರೆಯ ಮೇಲೆ ಬಿದ್ದಿತ್ತು. ನನ್ನ ಕೈಯ ಕುಂಕುಮವೇ ತಾಗಿತೆಂದು ಗಾಬರಿಯಾಗಿ ನಾನು ಕರವಸ್ತ್ರದಿಂದ ಉಜ್ಜಿದ್ದೆ. ಮದುಮಗ ನಗು ತಡೆಯಲಾರದೆ ಪಾದ್ರಿಗಳ ಎದುರೇ ಕೆಮ್ಮಿದ್ದ.

ನಾನು ಅಭ್ಯಾಸದಂತೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಮುಂಭಾಗದ ಗೋಡೆಯೊಂದನ್ನು ಉಳಿಸಿಕೊಂಡು ಹಿಂದೆ ಎಲ್ಲವನ್ನೂ ಹೊಸತಾಗಿ ಕಟ್ಟಿದ್ದಾರೆ. ಮರದ ತೊಲೆಗಳಿದ್ದಲ್ಲಿ ತಗ್ಗಾದ ಬಿಳಿ ಸೀಲಿಂಗ್. ಕಿಟಕಿ ಅದರ ಮೇಲೆ ಉಳಿದುಹೋಗಿದೆ, ಒಳಗಿದ್ದವರಿಗೆ ಕಾಣುವುದಿಲ್ಲ.

ಫೆಲ್ಸಿ ಬಲಿಪೀಠದ ಎದುರು ನಿಂತು ಸೆರಗು ಹರಡಿದಳು. ಟ್ಯೂಬ್‌ಲೈಟಿನ ಬೆಳಕು ಎಲ್ಲ ಕಡೆ ಒಂದೇ ಸಮ ಇತ್ತು.

"ಅವರು ಕಡೆಯವರೆಗೂ ಅದನ್ನೇ ಹೇಳಿ ನಗ್ತಿದ್ರು," ಎಂದಳು. "ಇವತ್ತು ನಿನಗೆ ಒರೆಸಲಿಕ್ಕೆ ಏನೂ ಇಲ್ಲ ನೋಡು."

ನಾನು ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟೆ.