ಆ ಮನೆ ಬೇಡವೆಂದ ಬಳೆಗಾರ್ತಿ

ಹೋದ ತಿಂಗಳು ಸಂಕೇಶ್ವರದಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಬಳೆ ಇಡುವವಳು ನನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿದಳು. ಎಣ್ಣೆಯ ವಾಸನೆ, ಅದರೊಳಗೆ ಬಳೆ ಸುತ್ತಿಟ್ಟಿದ್ದ ಒಣಹುಲ್ಲಿನ ವಾಸನೆ... ಕೈ ಹಿಂದಕ್ಕೆ ಎಳೆದುಕೊಂಡುಬಿಟ್ಟೆ. ನೋವಾಯಿತೇನೋ ಎಂದು ಅವಳು ಗಾಬರಿಯಾದಳು. ನೋವಾಗಿರಲಿಲ್ಲ. ಬಳಿಗಾರ ಮೌಶಿ ನೆನಪಾಗಿದ್ದಳು, ಓಣಿಗೆಲ್ಲ ಚಿಕ್ಕಮ್ಮನಾಗಿ ಮೌಶಿ ಎನಿಸಿಕೊಂಡಿದ್ದ ಗೋಕಾಕದ ಬಳೆಗಾರ್ತಿ.

ಆಗ ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನನ್ನ ಯಜಮಾನರು ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ಹುಕ್ಕೇರಿಯಿಂದ ಗೋಕಾಕಕ್ಕೆ ವರ್ಗವಾಗಿ ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಹುಕ್ಕೇರಿಯ ಸ್ವಂತ ಮನೆಯನ್ನು ಮಾರಿಸಿಕೊಟ್ಟ ದಲಾಲಿ ನಮ್ಮೊಂದಿಗೆ ಒಂದು ಮಾತು, ಕೊಂಡವರೊಂದಿಗೆ ಇನ್ನೊಂದು ಮಾತು ಆಡಿದ್ದನೆಂದು ಎಲ್ಲ ಮುಗಿದ ಮೇಲೆ ತಿಳಿದಿತ್ತು. ಅಂದಿನಿಂದ ನಾನು ಯಾರನ್ನೂ ಸುಲಭವಾಗಿ ನಂಬುತ್ತಿರಲಿಲ್ಲ. ಹಾಲಿನವಳು ನಕ್ಕರೂ ಯಾಕೆ ನಕ್ಕಳು ಎಂದು ಯೋಚಿಸುತ್ತಿದ್ದೆ.

ಗೋಕಾಕದಲ್ಲಿ ಮನೆ ಕೊಳ್ಳಬೇಕೆಂದಾಗ ನಮ್ಮ ಮುಂದೆ ಇಬ್ಬರಿದ್ದರು. ಒಬ್ಬ ಪ್ಯಾಟಿಯ ದಲಾಲಿ. ಜರಿಯಂಚಿನ ರುಮಾಲು, ಕಂಕುಳಲ್ಲಿ ಛತ್ರಿ. ಚಹಾದಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಅವನ ವ್ಯವಹಾರ. ಅವನ ಬಾಯಲ್ಲಿ ಎಲ್ಲ ಮನೆಯೂ ಬಂಗಾರವೇ. ಇನ್ನೊಬ್ಬಳು ಮೌಶಿ. ಬಳೆಯ ಬುಟ್ಟಿ ಹೊತ್ತು ಎಲ್ಲರ ಮನೆಯ ಒಳಮನೆಗೂ ಹೋಗುತ್ತಿದ್ದವಳು. ಯಾರ ಮನೆ ಮಾರಾಟಕ್ಕಿದೆ, ಯಾವ ಗೋಡೆ ಒಳಗೊಳಗೇ ಕುಸಿದಿದೆ ಎಂಬುದು ಆಕೆಗೆ ಗೊತ್ತಿರುತ್ತಿತ್ತು. ನಮ್ಮ ಓಣಿಯಲ್ಲೇ ಮೂರು ಮನೆಗಳನ್ನು ಆಕೆ ಕುದುರಿಸಿಕೊಟ್ಟಿದ್ದಳಂತೆ.

"ಬಳಿ ಇಡಾಕಿ ಮನಿ ತೋರಸ್ತಾಳಂತ? ಛಲೋ ಆತು ಬಿಡು," ಎಂದು ನಮ್ಮ ಅತ್ತೆ ಮೂಗು ಮುರಿದರು. ಆದರೂ ನಾನು ಮೌಶಿಯನ್ನೇ ಆರಿಸಿದೆ. ನಂಬಿಕೆಯಿಂದಲ್ಲ, ಆಕೆಯಾದರೆ ದಿನವೂ ನನ್ನ ಎದುರಿಗೆ ಸಿಗುತ್ತಾಳೆ, ಕಣ್ಣಿಡಬಹುದು ಎಂದು.

ಆಕೆ ಮನೆ ನೋಡುವ ರೀತಿಯೇ ಬೇರೆ. ಹೊಸ್ತಿಲು ದಾಟಿದ ಕೂಡಲೇ ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡ ಮುಟ್ಟುತ್ತಿದ್ದಳು. "ಹೊಳಿ ಬಂದಾಗ ಇಲ್ಲೀಮಟಾ ನೀರ ನಿಂತಿತ್ತ ನೋಡ ತಂಗಿ, ಸುಣ್ಣಾ ಬಳದು ಮುಚ್ಯಾರ," ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಹೊಗೆ ಎಲ್ಲಿಂದ ಹೋಗುತ್ತದೆ, ಬಾವಿಯಲ್ಲಿ ಯಾರ್ಯಾರಿಗೆ ಪಾಲಿದೆ ಎಂದು ವಿಚಾರಿಸುತ್ತಿದ್ದಳು. ಹೀಗೆ ನಾಲ್ಕು ಮನೆ ನೋಡಿ ನಾಲ್ಕನ್ನೂ ಬೇಡವೆಂದಳು. ಆಕೆ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೂ ನನ್ನ ಮನಸ್ಸು ಸುಮ್ಮನಿರಲಿಲ್ಲ. ಯಾಕೆ ಒಂದನ್ನೂ ಒಪ್ಪುತ್ತಿಲ್ಲ ಈಕೆ?

ಆಗ ಪ್ಯಾಟಿಯ ದಲಾಲಿ ತಾನಾಗಿ ಬಂದು ಒಂದು ಮನೆ ತೋರಿಸಿದ. ಏರಿನ ಮೇಲಿನ ಕಲ್ಲಿನ ಮನೆ. ಹೊಳೆಯ ನೀರಿನ ಭಯವಿಲ್ಲ, ಹಿತ್ತಲಲ್ಲೇ ಸ್ವಂತ ಬಾವಿ. ಮನೆಯ ಒಡೆಯ ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತ ನಗುನಗುತ್ತ ಮಾತಾಡಿದ. ಅವನ ಹೆಂಡತಿ ಹೊರಗೆ ಬರಲಿಲ್ಲ. ಒಳಗೆಲ್ಲೋ ಪಾತ್ರೆ ಸದ್ದಾಗುತ್ತಿತ್ತು, ಅಷ್ಟೆ.

ಮರುದಿನ ಮೌಶಿಗೆ ಹೇಳಿದೆ. ನನ್ನ ಕೈಗೆ ಬಳೆ ಏರಿಸುತ್ತಿದ್ದವಳು ಅಲ್ಲಿಗೇ ನಿಂತಳು.

"ಆ ಮನಿ ಬ್ಯಾಡ ತಂಗಿ."

"ಯಾಕ? ಗ್ವಾಡಿ ಬಿದ್ದಾವೇನ?"

"ಮನಿ ಗಟ್ಟಿ ಐತಿ. ಆದ್ರೂ ಈಗ ಬ್ಯಾಡ. ಯಾಕಂತ ಕೇಳಬ್ಯಾಡ."

ಕಾರಣ ಹೇಳದ ಮಾತು ನನ್ನಂಥವಳಿಗೆ ಸಂಶಯಪಡಲು ಸಾಕಾಗಿತ್ತು. ದಲಾಲಿಯನ್ನು ಕೇಳಿದೆ. ಅವನು ಛತ್ರಿಯ ತುದಿಯಿಂದ ನೆಲ ಕೆರೆಯುತ್ತ, "ಆಕೀ ಬ್ಯಾರೆ ಗಿರಾಕಿ ಹಿಡದಾಳ್ರಿ ಅಕ್ಕಾರ. ಮೂಡಲಗಿ ಕಡಿಯವರು. ನಿಮ್ಮನ್ನ ತಡದು ಅವರಿಗೆ ಕೊಡಸ್ತಾಳ," ಎಂದ. ಆ ವಾರ ನಾನೇ ಕಾದು ನೋಡಿದೆ. ಮೌಶಿ ಮೂರು ಸಲ ಆ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಮೂರು ಸಲವೂ ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಬಳೆ ಮಾರಲು ಹೋಗದವಳು ಇನ್ನೇನು ಮಾಡಲು ಹೋಗುತ್ತಾಳೆ?

ಅವತ್ತು ಓಣಿಯ ಬಾವಿಯ ಹತ್ತಿರ ಏಳೆಂಟು ಹೆಂಗಸರಿದ್ದರು. ಮೌಶಿ ಆಗತಾನೇ ಬುಟ್ಟಿ ಇಳಿಸಿದ್ದಳು. ಎಲ್ಲರ ಎದುರಿಗೇ ಕೇಳಿದೆ. "ಎರಡೂ ಕಡೆ ತಿಂತೀ ಅಲ್ಲಾ ಮೌಶಿ? ನಮಗ ಬ್ಯಾಡ ಅಂತೀ, ಹಿತ್ತಲ ಬಾಗಲದಿಂದ ಹೋಗಿ ಬ್ಯಾರೆದವರಿಗೆ ಮಾತ ಮುಗಸ್ತೀ!"

ಆಕೆಯ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದಳು. ಸುತ್ತ ನಿಂತ ಹೆಂಗಸರ ಕಡೆ ಕಣ್ಣು ಹೋಯಿತು. ನಂತರ ಸಿಂಬಿ ಸರಿಮಾಡಿಕೊಂಡು, "ಒಂದ ಮನಿ ಮಾತ ಇನ್ನೊಂದ ಮನ್ಯಾಗ ಆಡಾಕ ನನಗ ಬರಂಗಿಲ್ಲವಾ," ಎಂದಷ್ಟೇ ಹೇಳಿ ಬುಟ್ಟಿ ಹೊತ್ತು ಹೊರಟುಹೋದಳು. ಅದೇ ಕೊನೆ. ನಮ್ಮ ಓಣಿಗೆ ಆಕೆ ಮತ್ತೆ ಬರಲಿಲ್ಲ.

ಆ ವಾರದಲ್ಲೇ ಕಲ್ಲಿನ ಮನೆಯ ಕಾಗದಪತ್ರವೆಲ್ಲ ಮುಗಿಯಿತು. ಕೀಲಿ ಕೈಗೆ ಬಂದ ದಿನ ನಾನು ಮೊದಲು ಅಡುಗೆಮನೆಗೆ ಹೋದೆ. ಒಲೆ ಇನ್ನೂ ಬೆಚ್ಚಗಿತ್ತು. ಮನೆ ಬಿಡುವ ಹೊತ್ತಿನವರೆಗೂ ಯಾರೋ ಅಲ್ಲಿ ರೊಟ್ಟಿ ಸುಟ್ಟಿದ್ದರು. ವಿಚಿತ್ರವೆನಿಸಿತು. ಆದರೆ ಹೊಸ ಮನೆಯ ಸಂಭ್ರಮ... ಹೆಚ್ಚು ಯೋಚಿಸಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ಹಿತ್ತಲಲ್ಲಿ ಬಿಟ್ಟುಹೋದ ಬೀಸುಕಲ್ಲನ್ನು ಒಯ್ಯಲೇ ಎಂದು ಕೇಳಿದಳು. ಅದು ಆಕೆಯ ತವರಿನದು. ಆ ಮನೆಯೊಡೆಯನ ಹೆಂಡತಿ ಆಕೆ. ಒಳಗೆ ಕರೆದು ನೀರು ಕೊಟ್ಟೆ. ಆಕೆ ಅಡುಗೆಮನೆಯ ಕಡೆ ನೋಡದಂತೆ ಕೂತಿದ್ದಳು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಆ ಮನೆ ಕಟ್ಟುವಾಗ ತವರಿನ ಬಂಗಾರವನ್ನೆಲ್ಲ ಹಾಕಿದ್ದಳಂತೆ. ಗಂಡ ಇನ್ನೊಬ್ಬಳ ಜೊತೆ ಇರಲು ಹೊರಟು ಮನೆಯನ್ನೇ ಮಾರಿದ. ಈಗ ಇಬ್ಬರು ಹೆಣ್ಣುಮಕ್ಕಳ ಜೊತೆ ಮೇಳವಂಕಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳಂತೆ.

"ಅಣ್ಣ ಆಗ ಕೊಲ್ಹಾಪುರದ ಕಡೆ ಕಬ್ಬಿನ ಗಾಣಕ್ಕ ದುಡಿಯಾಕ ಹೋಗಿದ್ದನ್ರಿ. ಅಂವ ಬಂದು ಹಿರ್‍ಯಾರನ್ನ ಕೂಡಸೋಮಟಾ ಯಾರನ್ನೂ ಈ ಮನಿಗೆ ಕರಕೊಂಡ ಬರಬ್ಯಾಡಂತ ಬಳಿಗಾರ ಮೌಶಿಗೆ ಕೈ ಮುಗದಿದ್ನಿ. ಹದಿನೈದು ದಿನಾ ಸಾಕಿತ್ತು. ಗಂಡಗ ತಿಳೀದಂಗ ಹಿತ್ತಲ ಬಾಗಲದಿಂದ ಬಂದು ಧೈರ್ಯಾ ಹೇಳತಿದ್ಲು. ಗಂಡನ ಮಾನಾ ಹೋಗತೈತಿ, ಯಾರ ಮುಂದೂ ಹೇಳಬ್ಯಾಡ ಅಂತನೂ ಆಣಿ ಹಾಕಿದ್ನಿ."

ಕೊಂಡವಳು ನಾನೇ ಎಂದು ಆಕೆಗೆ ಗೊತ್ತಿತ್ತು. ಬೈಯಲಿಲ್ಲ. ಬೀಸುಕಲ್ಲನ್ನು ಚಕ್ಕಡಿಗೆ ಏರಿಸಿಕೊಂಡು ಹೋದಳು.

ನಾನು ಓಣಿಯ ಹೆಂಗಸರಿಗೆಲ್ಲ ಮೌಶಿಯ ತಪ್ಪಿಲ್ಲವೆಂದು ಹೇಳಿದೆ. ಬಾವಿಯ ಹತ್ತಿರ ಅಂದು ಆಡಿದ್ದನ್ನು ಕೇಳಿದಷ್ಟು ಆಸೆಯಿಂದ ಇದನ್ನು ಯಾರೂ ಕೇಳಲಿಲ್ಲ. ಆ ಮಾತು ಅಷ್ಟರಲ್ಲಿ ಬೇರೆ ಓಣಿಗಳಿಗೂ ಹೋಗಿ, ಆಕೆಯನ್ನು ಒಳಗೆ ಕರೆಯುವವರೇ ಇಲ್ಲದಾಗಿ, ಮೌಶಿ ಮೂಡಲಗಿಯಲ್ಲಿ ಮಗಳ ಮನೆ ಸೇರಿದ್ದಳು.

ಹುಡುಕಿಕೊಂಡು ಮೂಡಲಗಿಯ ಸಂತೆಗೆ ಹೋದೆ. ಗೋಣಿತಟ್ಟು ಹಾಸಿ ಬಳೆ ಹರವಿಕೊಂಡು ಕೂತಿದ್ದಳು. ನನ್ನನ್ನು ಗುರುತಿಸಿ, ಕೈ ಹಿಡಿದು ಬಳೆಯ ಅಳತೆ ನೋಡಿದಳು. ತಪ್ಪಾಯಿತು ಎಂದೆ.

"ನಿಂದ ಪೂರಾ ತಪ್ಪಲ್ಲ ತಂಗಿ," ಎಂದಳು. "ನಿನ್ನ ಕೆಲಸಾ ಹಿಡದು ನಾ ಆಕೀ ಮಾತ ಕೇಳಿದ್ನಿ. ಎರಡ ಕಡೆ ಇದ್ದದ್ದು ಖರೇನ."

ಮತ್ತೆ ಗೋಕಾಕಕ್ಕೆ ಬಾ ಎಂದು ಕರೆದೆ. ತಲೆಯಾಡಿಸಿದಳು. "ಈಗ ನಾ ಯಾರ ಮನಿಯೊಳಗ ಹ್ವಾದ್ರೂ ಅವರು ಆಡೂ ಮಾತ ನಿಲ್ಲಸ್ತಾರ. ಅಂಥಾ ಮನಿಗೆ ಯಾಕ ಹೋಗೂದು?"

ಆಕೆ ತೀರಿಕೊಂಡ ಸುದ್ದಿ ಎಷ್ಟೋ ದಿನ ಕಳೆದ ಮೇಲೆ ಯಾರ ಬಾಯಿಂದಲೋ ತಿಳಿಯಿತು... ಮಣ್ಣಿಗೂ ಹೋಗಲಾಗಲಿಲ್ಲ.

ಮೊನ್ನೆ ನನ್ನ ಮಗಳು ಬೆಳಗಾವಿಯಲ್ಲಿ ಮನೆ ಕೊಳ್ಳುತ್ತೇನೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಏಜೆಂಟ್ ಹುಡುಗ ಕೋಣೆಗಳನ್ನೆಲ್ಲ ತೋರಿಸಿ ಮುಗಿಸಿದ. ಮನೆಯ ಹೆಣ್ಣುಮಗಳನ್ನು ಸ್ವಲ್ಪ ಕರೀ ತಮ್ಮಾ ಎಂದೆ. ಅವನು ಮುಖ ಸಿಂಡರಿಸಿದ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಿನಗ ಈ ಮನಿ ಮಾರೂದು ಮನಸೈತೇನವಾ?" ಎಂದು ಕೇಳಿದೆ.

"ಹೂನ್ರಿ ಅಜ್ಜಿ, ಮಾರೂಣು ಅಂದಾಕಿನ ನಾನು," ಎಂದು ನಕ್ಕಳು.

ಮಗಳಿಗೆ ನಾಚಿಕೆಯಾಯಿತು. ನಾನು ಆ ಹೆಣ್ಣುಮಗಳ ಮುಖವನ್ನೇ ನೋಡುತ್ತ ನಿಂತೆ. ಆಕೆ ಖರೆ ಹೇಳುತ್ತಿದ್ದಾಳೋ, ಯಾರಾದರೂ ಹೇಳಿಸುತ್ತಿದ್ದಾರೋ, ನನಗೆ ತಿಳಿಯಲಿಲ್ಲ. ಮೌಶಿಯಾದರೆ ಒಳಗೆ ಹೋಗಿ ಎರಡು ಗಳಿಗೆ ಕೂತು ತಿಳಿದುಕೊಂಡು ಬರುತ್ತಿದ್ದಳು. ಹಾಗೆ ಕಳಿಸಲು ಈಗ ನನಗೆ ಯಾರೂ ಇಲ್ಲ.