ಹಗಲು ಹೇಳಿದ ಕಥೆ

ನಮ್ಮ ಕಡೆ ಹಗಲು ಹೊತ್ತು ಕಥೆ ಹೇಳುತ್ತಿರಲಿಲ್ಲ. ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬ ನಂಬಿಕೆ. ದೀಪ ಹಚ್ಚಿದ ಮೇಲೆಯೇ ಅವ್ವ ಬಾಯಿ ಬಿಡುತ್ತಿದ್ದಳು, ಅದೂ ಯಾರಾದರೂ ಹ್ಞೂಂಗುಟ್ಟುತ್ತಿದ್ದರೆ ಮಾತ್ರ. ಹ್ಞೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲುತ್ತಿತ್ತು. ಅವಳ ಕಥೆಯ ಹುಡುಗಿಯರೆಲ್ಲ ಹೇಳಿದ ಮಾತು ಕೇಳುವವರು, ಕೊಟ್ಟ ಮನೆಗೆ ತಲೆ ತಗ್ಗಿಸಿ ಹೋಗುವವರು. ಬೇರೆ ಥರದ ಹುಡುಗಿಯನ್ನು ನಾನು ಕಥೆಯಲ್ಲೂ ಕಂಡಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಾನ್ವಿಯ ಶಾಲೆಯಲ್ಲಿ ನಾಲ್ಕನೇ ಜಮಾತ್ ಮುಗಿಸಿದ್ದೆ. ಮುಂದೆ ಓದಬೇಕೆಂದರೆ ರಾಯಚೂರಿಗೆ ಹೋಗಬೇಕು. ಅಷ್ಟರಲ್ಲಿ ದೇವದುರ್ಗದಿಂದ ಮಾವ, ಅಂದರೆ ಅವ್ವನ ಒಬ್ಬನೇ ತಮ್ಮ, ನನ್ನನ್ನು ಮದುವೆಗೆ ಕೇಳಲು ಬರುತ್ತಾನೆಂದು ಸುದ್ದಿ ಬಂತು. ಅಕ್ಕನ ಮಗಳ ಮೇಲೆ ತಮ್ಮನ ಹಕ್ಕು. ಅದರಲ್ಲಿ ಕೇಳುವುದೇನು, ಕೊಡುವುದೇನು. ಮಾವ ಒಳ್ಳೆಯವನೇ. ಬಂದಾಗಲೆಲ್ಲ ಬೆಂಡು ಬತ್ತಾಸು ತರುತ್ತಿದ್ದ. ಆದರೆ ನನಗೆ ಓದುವ ಹುಚ್ಚು ಹಿಡಿದಿತ್ತು. ಅಪ್ಪ "ನಿನ್ನ ತಮ್ಮ, ನೀನೇ ನೋಡ್ಕೊ" ಎಂದು ಹೊಲಕ್ಕೆ ಹೋಗಿ ಪಾರಾದ.

ಮಾವ ಬರುವ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅವ್ವ ಇದ್ದಕ್ಕಿದ್ದಂತೆ, "ಒಂದೂರಾಗ ಒಬ್ಬಾಕಿ ಅಕ್ಕ ಇದ್ಲು" ಎಂದಳು. ನಾನು ಗಾಬರಿಯಾದೆ.

"ಯವ್ವಾ, ಇನ್ನಾ ಹಗಲದ. ಮಾವ ದಾರ್ಯಾಗ ಇರ್ತಾನ."

"ಇರ್ಲಿ. ನೀ ಹ್ಞೂಂ ಅನ್ನು."

ಮಾವ ದಾರಿ ತಪ್ಪಲಿ ಎಂದೇ ಹೇಳುತ್ತಿದ್ದಾಳೆಂದು ತಿಳಿದು ನಾನು ಜೋರಾಗಿಯೇ ಹ್ಞೂಂ ಅಂದೆ.

ಮಾವ ತಪ್ಪಲಿಲ್ಲ. ಬಿಸಿಲೇರುವ ಮೊದಲೇ ಬಂದು, ಕೈಕಾಲು ತೊಳೆದು ಒಲೆಯ ಮುಂದೆ ಕುಳಿತ. ಅವ್ವ ಕಥೆ ನಿಲ್ಲಿಸಲಿಲ್ಲ.

"ಹಗಲೊತ್ತು ಕಥಿ ಹೇಳಾಕತ್ತೀಯಲ್ಲ ಅಕ್ಕಾ?" ಎಂದು ಅವನು ನಕ್ಕ.

"ನೀ ಬಂದ್ಯಲ್ಲ, ಇನ್ನೇನು ತಪ್ತದ. ಹ್ಞೂಂ ಅನ್ನು," ಎಂದು ಅವ್ವ ಅವನ ತಟ್ಟೆಗೆ ರೊಟ್ಟಿ ಹಾಕಿದಳು. "ಆ ಅಕ್ಕಗ ಒಬ್ಬಾಂವ ತಮ್ಮ. ತಮ್ಮ ಅಂದ್ರ ಜೀವ."

"ಹ್ಞೂಂ."

"ತಮ್ಮ ಬಂದು ಮಗಳನ್ನ ಕೇಳಿದ."

"ಹ್ಞೂಂ."

"ಹುಡುಗಿ ಓದಾಕತ್ತಿತ್ತು. ಅಕ್ಕ ಅಂದ್ಲು, ಯಪ್ಪಾ, ಬ್ಯಾರೆ ಏನರ ಕೇಳು, ಇದೊಂದು ಬ್ಯಾಡ."

ಮಾವನ ತುತ್ತು ಕೈಯಲ್ಲೇ ಉಳಿಯಿತು. ಅವ್ವ ಬಡಿಯುವುದನ್ನು ನಿಲ್ಲಿಸಿ ಅವನ ಹ್ಞೂಂಗೆ ಕಾದಳು. ತಮ್ಮನ ಮುಖಕ್ಕೆ ನೇರವಾಗಿ ಇಲ್ಲ ಎನ್ನುವ ಅಕ್ಕ ನಮ್ಮ ಕಡೆ ಇರಲಿಲ್ಲ. ಕಥೆಯಲ್ಲಿ ಮಾತ್ರ ಅವಳಿಗೆ ಬಾಯಿ ಬಂದಿತ್ತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಿ ಹಾಕಲೂ ನನಗೆ ಹೆದರಿಕೆ.

"ಹ್ಞೂಂ," ಎಂದ ಮಾವ ಕೊನೆಗೆ. ಊಟ ಮುಗಿಸಿ, ನನ್ನ ತಲೆ ಮುಟ್ಟಿ, ಕೇಳಲು ಬಂದ ಮಾತನ್ನು ಎತ್ತದೆಯೇ ಎದ್ದು ಹೋದ.

ನಾನು ರಾಯಚೂರಿಗೆ ಹೋದೆ, ಓದಿದೆ, ಕಥೆ ಬರೆಯುವವಳಾದೆ. ನಿಮ್ಮ ಹುಡುಗಿಯರು ಒಲ್ಲೆ ಅನ್ನುವುದನ್ನು ಎಲ್ಲಿ ಕಲಿತರು ಎಂದು ಓದುಗರು ಕೇಳುತ್ತಾರೆ. ಅವ್ವನ ಹತ್ತಿರ ಅನ್ನುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಆ ವರ್ಷ ನಾಗರ ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ದೇವದುರ್ಗದಿಂದ ಯಾರೂ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅವಳು ಉಂಡಿ ಕಟ್ಟಿಟ್ಟು, ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಎದ್ದು ಒಳಗೆ ಬರುತ್ತಿದ್ದಳು. ನನ್ನ ಕಥೆಗಳಲ್ಲಿ ನಾನು ಪ್ರತಿ ತಾಯಿಯನ್ನೂ ಪಂಚಮಿಗೆ ತವರಿಗೆ ಕಳಿಸಿದ್ದೇನೆ. ತಮ್ಮನೇ ಬಂದು ಕರೆದುಕೊಂಡು ಹೋಗುತ್ತಾನೆ.